ಬಿದ್ದ ವಿಮಾನದ ಜಾಗಕ್ಕೆ ಯಾವುದು? ಮೂರನ್ನೂ ಹಾರಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಾನು ಕೊನೆಗೆ ಉಳಿಸಿಕೊಂಡಿದ್ದು ಸನ್‌ಪ್ಯಾಕ್ ಶೀಟಿನಲ್ಲಿ ಮನೆಯಲ್ಲೇ ಕಟ್ಟಿದ ಆರ್‌ಸಿ ವಿಮಾನ, ಅಂದರೆ ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವ ಸಣ್ಣ ವಿಮಾನ. ಶಾಲೆ ಅಡ್ಮಿಷನ್ ಶುರುವಾದಾಗ ಕಂಬಕ್ಕೆ ಬೋರ್ಡ್ ಕಟ್ಟುತ್ತಾರಲ್ಲ, ಒಳಗೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆ ಇರುವ ಪ್ಲಾಸ್ಟಿಕ್ ಹಾಳೆ, ಅದೇ. ಅಲ್ಲಿಗೆ ಬರುವ ಮುಂಚೆ ಹತ್ತು ಸಾವಿರ ಖರ್ಚು ಮಾಡಿದೆ, ಗೆಳೆಯನ ವಿಮಾನವನ್ನು ಮೂರು ಭಾನುವಾರ ಕೇಳಿ ತಂದು ಹಾರಿಸಿದೆ. ಮೊದಲ ಆರ್‌ಸಿ ವಿಮಾನ ಮುರಿದು, ಮುಂದೆ ಯಾವುದು ಅಂತ ಯೋಚಿಸುತ್ತಿರುವವರಿಗೆ ಇದರಿಂದ ಸ್ವಲ್ಪವಾದರೂ ದುಡ್ಡು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಹೊಳಲ್ಕೆರೆ ಕಡೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಇಲ್ಲಿನ ಗಾಳಿ ಹೇಗಿರಬೇಕು ನೋಡಿ. ಆಷಾಢದಲ್ಲಂತೂ ಬೆಳಿಗ್ಗೆ ಎಂಟಾದರೆ ಸಾಕು, ಬೀಸಲು ಶುರು. ನನ್ನ ಮೊದಲ ವಿಮಾನ ಬಿದ್ದ ಭಾನುವಾರ ಒಣಗಿದ ಕೆರೆ ಅಂಗಳದಲ್ಲಿ ಎಂಟೂವರೆಯವರೆಗೂ ಹಾರಿಸುತ್ತಿದ್ದೆ. ಇಳಿಸಲು ತಿರುಗಿಸಬೇಕು, ಆಗ ಗಾಳಿ ವಿಮಾನದ ಬೆನ್ನಿಗಿತ್ತು. ಬೆನ್ನಿಗೆ ಗಾಳಿ ಇದ್ದಾಗ ನೆಲದ ಮೇಲೆ ನಿಂತವರಿಗೆ ವಿಮಾನ ಬಹಳ ಜೋರಾಗಿ ಹೋಗುತ್ತಿದೆ ಅನಿಸುತ್ತದೆ. ನನಗೂ ಹಾಗೇ ಅನಿಸಿ ಥ್ರಾಟಲ್, ಅಂದರೆ ಮೋಟಾರಿನ ವೇಗ, ಇಳಿಸಿದೆ. ರೆಕ್ಕೆ ಎತ್ತಿ ಹಿಡಿಯುವುದು ಗಾಳಿಯೊಳಗೆ ಅದಕ್ಕಿರುವ ವೇಗದಿಂದ. ಆ ವೇಗ ಸಾಲಲಿಲ್ಲ. ತಿರುವಿನ ಒಳಬದಿಯ ರೆಕ್ಕೆ ಸ್ಟಾಲ್ ಆಯಿತು, ಅಂದರೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಂಡಿತು. ವಿಮಾನ ಅರ್ಧ ಸುತ್ತು ಸುತ್ತಿ, ಮೂಗು ಕೆಳಗಾಗಿ, ಬಳ್ಳಾರಿ ಜಾಲಿಯ ಬುಡಕ್ಕೆ ಬಡಿಯಿತು. ಹತ್ತು ಮೀಟರ್ ಎತ್ತರವೂ ಇರಲಿಲ್ಲ. ಸರಿಮಾಡಿಕೊಳ್ಳಲು ಜಾಗವೇ ಇರಲಿಲ್ಲ.

ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಓಡಿ ಬಂದು, "ಏನಪ್ಪಾ, ಚಳ್ಳಕೆರೆಯದಾ ಇದು?" ಅಂತ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಅದು ಸಹಜವಾದ ಪ್ರಶ್ನೆ. ಚಳ್ಳಕೆರೆ ಹತ್ತಿರ ಡಿಆರ್‌ಡಿಓದ ಪರೀಕ್ಷಾ ನೆಲೆ ಇದೆ. ಅಲ್ಲಿಂದ ಹಾರಿದ ಮಾನವರಹಿತ ವಿಮಾನ 2019ರಲ್ಲಿ ಚಳ್ಳಕೆರೆ ತಾಲ್ಲೂಕಿನಲ್ಲಿ, 2023ರಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ಜಮೀನಿಗೆ ಬಿದ್ದಿದ್ದು ಎಲ್ಲರಿಗೂ ನೆನಪಿದೆ. "ಇಲ್ಲ ಯಜಮಾನ್ರೇ, ನಂದೇ" ಅಂದೆ. ಪಾಪ, ಮುಳ್ಳಿನ ನಡುವೆ ಕೈ ಹಾಕಿ ಅವರೇ ಬ್ಯಾಟರಿ ಹುಡುಕಿ ಕೊಟ್ಟರು. ಅದರ ಮೂಲೆ ಜಜ್ಜಿತ್ತು. ಜಜ್ಜಿದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಮನೆಯೊಳಗೆ ತರಬೇಡಿ, ಚಾರ್ಜ್ ಮಾಡಲೇಬೇಡಿ. ನಾನು ಹಿತ್ತಲಲ್ಲಿ ಮರಳು ತುಂಬಿದ ಬಕೆಟ್‌ನಲ್ಲಿ ಇಟ್ಟೆ.

ಉಳಿದಿದ್ದು ಇಷ್ಟು: ಕೈಯಲ್ಲಿ ಹಿಡಿದು ನಡೆಸುವ ಫ್ಲೈಸ್ಕೈ ಐ6 ಟ್ರಾನ್ಸ್‌ಮಿಟರ್, ವಿಮಾನದೊಳಗಿನ ರಿಸೀವರ್, ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ 30 ಆಂಪಿಯರ್ ಈಎಸ್‌ಸಿ, ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಸಣ್ಣ ಮೋಟಾರು, ಅಂದರೆ 9 ಗ್ರಾಂ ಸರ್ವೋ, ಎರಡು, ಇನ್ನೊಂದು ಬ್ಯಾಟರಿ. ಮೋಟಾರಿನ ಶಾಫ್ಟ್ ಬಾಗಿತ್ತು. ಫೋಮ್ ದೇಹದಲ್ಲಿ ಅಂಟಿಸಲು ಏನೂ ಉಳಿದಿರಲಿಲ್ಲ. ಹೊಸದನ್ನು ಆರಿಸುವಾಗ ಈ ಉಳಿದ ಸಾಮಾನಿನ ಲೆಕ್ಕವನ್ನು ಮೊದಲು ಹಾಕಬೇಕು. ನಾನು ಕೊನೆಗೆ ಹಾಕಿದೆ.

ಮೊದಲು ನೋಡಿದ್ದು ದಾವಣಗೆರೆಯ ಗೆಳೆಯನ ಹತ್ತಿರ ಇದ್ದ ಸಣ್ಣ ಜೈರೋ ವಿಮಾನ, ಓಲಾಟವನ್ನು ಗುರುತಿಸಿ ತಾನೇ ಸರಿಮಾಡಿಕೊಳ್ಳುವಂಥದ್ದು. ಅರ್ಧ ಮೀಟರ್ ರೆಕ್ಕೆ, ಇನ್ನೂರು ಗ್ರಾಂ ಕೂಡ ತೂಗುವುದಿಲ್ಲ. ಡಬ್ಬಿ ತೆಗೆದು ಬ್ಯಾಟರಿ ಹಾಕಿದರೆ ಹಾರಲು ತಯಾರು. ರಿಮೋಟಿನ ಕಡ್ಡಿ ಬಿಟ್ಟರೆ ವಿಮಾನ ತಾನೇ ನೇರವಾಗುತ್ತದೆ. ಗಾಳಿ ಇಲ್ಲದ ಬೆಳಿಗ್ಗೆ ಆರೂವರೆಗೆ ಅದನ್ನು ಹಾರಿಸುವುದು ನಿಜಕ್ಕೂ ಖುಷಿ. ಏಳೂವರೆ ದಾಟಿದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟರೂ ಗಾಳಿಗೆ ಎದುರಾಗಿ ನಿಂತಲ್ಲೇ ನಿಲ್ಲುತ್ತಿತ್ತು. ಅದರ ರಿಸೀವರ್, ಸರ್ವೋ, ಜೈರೋ ಎಲ್ಲಾ ಒಂದೇ ಬೋರ್ಡಿನ ಮೇಲಿವೆ. ನನ್ನ ಟ್ರಾನ್ಸ್‌ಮಿಟರ್ ಅದಕ್ಕೆ ಕೂಡುವುದಿಲ್ಲ. ಅವನು ಕೊಟ್ಟಿದ್ದು 11,500 ರೂಪಾಯಿ. ನನ್ನ ಮನೆಯಲ್ಲಿ ಉಳಿದ ಒಂದು ಸಾಮಾನೂ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ ಅಂದಮೇಲೆ ಬಿಟ್ಟೆ.

ಎರಡನೆಯದನ್ನು ಕೊಂಡೇಬಿಟ್ಟೆ. ಈಪಿಓ ಅನ್ನುವ ಬಗೆಯ ಫೋಮಿನದು, 1400 ಮಿ.ಮೀ. ರೆಕ್ಕೆ, ಮೋಟಾರ್ ರೆಕ್ಕೆಯ ಹಿಂದೆ. ಕೊರಿಯರ್ ಸೇರಿ 10,200 ರೂಪಾಯಿ. ರೆಕ್ಕೆ ಜೋಡಿಸುವ ಪ್ಲಾಸ್ಟಿಕ್ ತುಂಡು ದಾರಿಯಲ್ಲೇ ಸೀಳಿತ್ತು. ಡಬ್ಬಿ ತೆರೆಯುವ ವಿಡಿಯೋ ಇಲ್ಲ ಅಂತ ಅಂಗಡಿಯವರು ಬದಲಿ ಕೊಡಲಿಲ್ಲ. ಆ ಬೇಸರ ಪಕ್ಕಕ್ಕಿಟ್ಟು ಹೇಳುತ್ತೇನೆ, ಹಾರಾಟ ಮಾತ್ರ ಬಹಳ ಚೆಂದ. ಒಂದು ದಿನ ಮೇಲೇಳುವ ಗಾಳಿಯಲ್ಲಿ ಹದ್ದುಗಳು ಸುತ್ತುತ್ತಿದ್ದ ಕಡೆ ಒಯ್ದು ಮೋಟಾರ್ ನಿಲ್ಲಿಸಿದೆ. ಎರಡು ನಿಮಿಷ ಎತ್ತರ ಕಳೆದುಕೊಳ್ಳದೆ ತೇಲಿತು. ಮೂಗಿಗೆ ಪೆಟ್ಟು ಬಿದ್ದರೂ ಮೋಟಾರಿಗೆ ಏನೂ ಆಗುವುದಿಲ್ಲ. ಜಜ್ಜಿದ ಫೋಮಿನ ಮೇಲೆ ಬಿಸಿನೀರು ಹಾಕಿದರೆ ಉಬ್ಬಿ ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ಬರುತ್ತದೆ.

ಅಭ್ಯಾಸ ಬೇಕಾದ ವಿಷಯ ಒಂದಿದೆ. ಮೋಟಾರ್ ಮೇಲೆ ಕೂತಿರುವುದರಿಂದ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಮೂಗು ಕೆಳಗೆ ಹೋಗುತ್ತದೆ. ಕೈಯಿಂದ ಎಸೆಯುವಾಗ ಮುಕ್ಕಾಲಿಗಿಂತ ಕಡಿಮೆ ಇಟ್ಟುಕೊಳ್ಳಿ. ಇಳಿಯುವಾಗ ನೆಲ ಮುಟ್ಟಲು ಒಪ್ಪುವುದೇ ಇಲ್ಲ, ತೇಲುತ್ತಾ ತೇಲುತ್ತಾ ಜಾಲಿಯ ಕಡೆಗೇ ಹೋಗುತ್ತದೆ. ಹಾಗೆ ಹೋಗಿ ಒಂದು ದಿನ ರೆಕ್ಕೆಯ ಬುಡ ಮತ್ತು ಆ ಜೋಡಿಸುವ ತುಂಡು ಎರಡೂ ಹೋದವು. ಫೋಮನ್ನು ಅಂಟಿಸಿದೆ. ಜೋಡಿಸುವ ತುಂಡು ಮಾತ್ರ ಎಲ್ಲೂ ಸಿಗಲಿಲ್ಲ. ಆರ್ಡರ್ ಮಾಡಿ ಐದು ವಾರ ಕಾದೆ. ನನಗೆ ಬಿಡುವು ಸಿಗುವುದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಮಾತ್ರ. ಐದು ವಾರ ಅಂದರೆ ಐದು ಸಲ ಹಾರಿಸುವುದು ತಪ್ಪಿತು. ತುಂಡು ಬಂದ ಮೇಲೆ ಸರಿಮಾಡಿ 6,500ಕ್ಕೆ ಮಾರಿದೆ. ಕೊಂಡ ಹುಡುಗ ಖುಷಿಯಾಗಿದ್ದಾನೆ.

ಆ ಕಾಯುವ ವಾರಗಳಲ್ಲೇ ಸನ್‌ಪ್ಯಾಕ್ ಕೆಲಸ ಶುರುಮಾಡಿದ್ದು. ಫ್ಲೆಕ್ಸ್ ಪ್ರಿಂಟ್ ಅಂಗಡಿಯಲ್ಲಿ ಬಳಸಿದ 3 ಮಿ.ಮೀ. ಹಾಳೆ ಎರಡಕ್ಕೆ 300 ರೂಪಾಯಿ. ಮೋಟಾರ್ 480, ಎರಡು ಸರ್ವೋ 260, ಎರಡು ಪ್ರೊಪೆಲ್ಲರ್ 120, ಟೇಪು ಮತ್ತು ಕೇಬಲ್ ಟೈ 90. ಒಟ್ಟು 1,250. ಉಳಿದಿದ್ದೆಲ್ಲಾ ಬಿದ್ದ ವಿಮಾನದ್ದೇ.

ಕತ್ತರಿಸುವುದು ಸುಲಭ. ಕೊಳವೆಗಳು ರೆಕ್ಕೆಯ ಉದ್ದಕ್ಕೆ ಬರುವಂತೆ ಹಾಳೆ ಇಟ್ಟುಕೊಂಡರೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಡಚುವುದು ಸಲೀಸು. ಐಲೆರಾನಿಗೆ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಕೀಲು ಬೇರೆ ಬೇಡ, ಒಂದು ಪದರ ಮಾತ್ರ ಕುಯ್ದರೆ ಇನ್ನೊಂದು ಪದರವೇ ಕೀಲು. ರೆಕ್ಕೆ ಗಟ್ಟಿಯಾಗಿರಲಿ ಅಂತ ಒಳಗೆ ಮರದ ಸ್ಕೇಲು ಇಟ್ಟೆ. ಕಷ್ಟ ಬಂದಿದ್ದು ಅಂಟಿನಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಇದಕ್ಕೇ ಎಷ್ಟೋ ಜನ ಸನ್‌ಪ್ಯಾಕ್ ಬಿಟ್ಟುಬಿಡುತ್ತಾರೆ.

ಮೊದಲು ಗ್ಲೂ ಗನ್ ಹಿಡಿದೆ. ರಾತ್ರಿ ಗಟ್ಟಿಯಾಗಿ ಕೂತಿತ್ತು. ಬೆಳಿಗ್ಗೆ ಚಳಿಯಲ್ಲಿ ಕೈಯಿಂದ ಸ್ವಲ್ಪ ತಿರುಚಿದರೆ ಪೂರ್ತಿ ಪಟ್ಟಿ ಸಿಪ್ಪೆಯ ಹಾಗೆ ಎದ್ದು ಬಂತು. ಫೆವಿಕ್ವಿಕ್ ಹಾಕಿದೆ, ಟಕ್ ಅಂತ ಬಿಟ್ಟಿತು. ಅರಾಲ್ಡೈಟ್ ಹಾಕಿ ಇಡೀ ದಿನ ಒಣಗಿಸಿದೆ, ಉಗುರು ಹಾಕಿದರೆ ಅದೂ ಎದ್ದಿತು. ಅಂಟಿನ ತಪ್ಪಲ್ಲ ಇದು. ಈ ಹಾಳೆ ಪಾಲಿಪ್ರೊಪಿಲೀನ್, ಅಡುಗೆಮನೆಯ ಎಷ್ಟೋ ಪ್ಲಾಸ್ಟಿಕ್ ಡಬ್ಬಿಗಳದ್ದೂ ಅದೇ. ಅದರ ಮೈಗೆ ಯಾವುದೂ ಸುಲಭವಾಗಿ ಹಿಡಿಯುವುದಿಲ್ಲ.

ದಾರಿ ಸಿಕ್ಕಿದ್ದು ಬೆಂಕಿಯಿಂದ. ಅಂಟು ಬರುವ ಜಾಗವನ್ನು ಮೊದಲು ಮರಳು ಕಾಗದದಿಂದ ತಿಕ್ಕಬೇಕು. ಆಮೇಲೆ ಲೈಟರಿನ ನೀಲಿ ಜ್ವಾಲೆಯನ್ನು ಅದರ ಮೇಲೆ ಸರ್ರನೆ ಒಮ್ಮೆ ಓಡಿಸಬೇಕು. ನಿಲ್ಲಿಸಿದರೆ ಕರಗುತ್ತದೆ. ಮೇಣದಬತ್ತಿ ಬೇಡ, ಮಸಿ ಹಿಡಿಯುತ್ತದೆ. ಸರಿಯಾಗಿದೆಯೇ ಅಂತ ನೋಡಲು ಒಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ಉರುಳಿದರೆ ಇನ್ನೂ ಆಗಿಲ್ಲ. ಹರಡಿ ಕೂತರೆ ಆಯಿತು, ಒರೆಸಿ ಅಂಟು ಹಾಕಿ. ಜ್ವಾಲೆ ಮೇಲ್ಮೈಯ ಗುಣವನ್ನೇ ಬದಲಿಸುತ್ತದೆ. ಬೇಡದ ಚೂರುಗಳ ಮೇಲೆ ಹತ್ತು ಸಲವಾದರೂ ಅಭ್ಯಾಸ ಮಾಡಿ, ಕಿಟಕಿ ತೆಗೆದಿಟ್ಟುಕೊಂಡು.

ಅಷ್ಟಾದರೂ ಅಂಟನ್ನು ಪೂರ್ತಿ ನಂಬುವುದಿಲ್ಲ ನಾನು. ಮೋಟಾರ್ ಕೂರುವ ಪ್ಲೈವುಡ್, ಬಾಲ ಕೂರುವ ಜಾಗ, ಚಕ್ರದ ತಂತಿ, ಈ ಮೂರು ಕಡೆ ತೂತು ಮಾಡಿ ಕೇಬಲ್ ಟೈ ಬಿಗಿದಿದ್ದೇನೆ. ಮೊದಲ ವಾರ ಬಾಲಕ್ಕೆ ಬರೀ ಗ್ಲೂ ಹಾಕಿದ್ದೆ. ಹಾರಿಸುವ ಮುಂಚೆ ಬಾಲ ಅಲ್ಲಾಡಿಸಿ ನೋಡಿದ್ದರಿಂದ ನೆಲದ ಮೇಲೇ ಬಿಟ್ಟುಕೊಂಡಿತು. ಗಾಳಿಯಲ್ಲಿ ಬಿಟ್ಟಿದ್ದರೆ? ಅವತ್ತಿನಿಂದ ಪ್ರತಿ ಹಾರಾಟಕ್ಕೂ ಮುಂಚೆ ಬಾಲ ಅಲ್ಲಾಡಿಸಿ ನೋಡುವುದು ರೂಢಿ. ರೆಕ್ಕೆಯನ್ನು ಅಂಟಿಸಿಯೇ ಇಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಆ ರಬ್ಬರ್ ಪಟ್ಟಿಗಳಿಂದ ಕಟ್ಟಿದ್ದೇನೆ. ಪೆಟ್ಟು ಬಿದ್ದಾಗ ರೆಕ್ಕೆ ಕಳಚಿಕೊಳ್ಳುತ್ತದೆ, ಮುರಿಯುವುದಿಲ್ಲ.

ತೂಕ ಜಾಸ್ತಿ, ಅದು ನಿಜ. ರೆಕ್ಕೆ 120 ಸೆಂ.ಮೀ., ಬ್ಯಾಟರಿ ಸೇರಿ 1 ಕೆಜಿ 50 ಗ್ರಾಂ. ಫೋಮಿನದು ಅದಕ್ಕಿಂತ ದೊಡ್ಡ ರೆಕ್ಕೆ ಇದ್ದೂ ಮುಕ್ಕಾಲು ಕೆಜಿ ಅಷ್ಟೇ ಇತ್ತು. ಹಾಗಾಗಿ ಇದು ಸ್ವಲ್ಪ ಜೋರಾಗೇ ಹಾರಬೇಕು, ಜೋರಾಗೇ ಇಳಿಯಬೇಕು. ಥ್ರಾಟಲ್ ಪೂರ್ತಿ ತೆಗೆದರೆ ತೇಲುವುದಿಲ್ಲ, ಇಳಿಯುತ್ತದೆ. ನಮ್ಮ ಊರಿನ ಗಾಳಿಗೆ ಆ ತೂಕವೇ ನನಗೆ ಒಳ್ಳೆಯದಾಯಿತು. ಜೈರೋ ವಿಮಾನ ನಿಂತುಹೋಗುತ್ತಿದ್ದ ಗಾಳಿಯಲ್ಲಿ ಇದು ಸೀಳಿಕೊಂಡು ಹೋಗುತ್ತದೆ. ಬಾಲವೂ ಭಾರ, ಅದಕ್ಕೇ ಬ್ಯಾಟರಿಯನ್ನು ಮೂಗಿನ ತುದಿಯವರೆಗೆ ತಳ್ಳಬೇಕಾಯಿತು. 20 ಸೆಂ.ಮೀ. ಅಗಲದ ರೆಕ್ಕೆಯಲ್ಲಿ ಮುಂದಿನ ಅಂಚಿನಿಂದ 6 ಸೆಂ.ಮೀ. ಹಿಂದೆ ಎರಡು ಬೆರಳಿನ ಮೇಲೆ ವಿಮಾನ ಸಮವಾಗಿ ನಿಲ್ಲಬೇಕು. ಇದನ್ನು ನೋಡದೆ ಮಾತ್ರ ಹಾರಿಸಬೇಡಿ.

ಬಳಸಿದ ಬೋರ್ಡನ್ನೇ ತಂದಿದ್ದರಿಂದ ರೆಕ್ಕೆಯ ಕೆಳಗಡೆ "ಪ್ರವೇಶ ಆರಂಭವಾಗಿದೆ" ಅಂತ ಕೆಂಪು ಅಕ್ಷರ ಇವೆ. ಮೇಲ್ಗಡೆ ಬಿಳಿ. ದೂರದಲ್ಲಿ ತಿರುಗುವಾಗ ಯಾವ ಬದಿ ಕಾಣುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ದಯವಿಟ್ಟು ಎರಡೂ ಕಡೆ ಒಂದೇ ಬಣ್ಣ ಮಾಡಬೇಡಿ.

ಇದುವರೆಗೆ ಎರಡು ಸಲ ಜೋರಾಗಿ ಬಿದ್ದಿದೆ. ಮೊದಲ ಸಲ ಪ್ರೊಪೆಲ್ಲರ್ ಮತ್ತು ಮೂಗು. ಎರಡನೇ ಸಲ ರೆಕ್ಕೆಯ ನಡುವಿನ ಸ್ಕೇಲು. ಎರಡೂ ಸಲ ಸ್ಟೇಷನರಿ ಅಂಗಡಿ ಮತ್ತು ಹಾರ್ಡ್‌ವೇರ್ ಅಂಗಡಿಯ ಸಾಮಾನಿನಲ್ಲೇ ಸರಿಹೋಯಿತು. ಮುಂದಿನ ಭಾನುವಾರ ತಪ್ಪಲಿಲ್ಲ.

ಬಾಲ್ಸಾ ಮರದ ಕಿಟ್ಟನ್ನೂ ಯೋಚಿಸಿದ್ದೆ. ಹಾರಾಟಕ್ಕೆ ಅದರಷ್ಟು ಚೆಂದ ಇನ್ನೊಂದಿಲ್ಲ, ಆದರೆ ಒಂದು ತಿಂಗಳು ಸಂಜೆ ಕೂತು ಕಟ್ಟಿದ್ದು ಜಾಲಿ ಮೇಲೆ ಬಿದ್ದರೆ ನನ್ನ ಮನಸ್ಸು ತಡೆಯುವುದಿಲ್ಲ.

ಬೈಕಿನಲ್ಲಿ ಒಯ್ಯಲು: ಜೈರೋ ವಿಮಾನ ಮೊದಲು, ಸನ್‌ಪ್ಯಾಕ್ ಆಮೇಲೆ, ಫೋಮಿನದು ಕೊನೆಗೆ.

ಹಾರುವ ಸಮಯ: ಫೋಮಿನದು ಹದಿನೈದು ನಿಮಿಷದ ಹತ್ತಿರ, ಸನ್‌ಪ್ಯಾಕಿಗೆ ನಾನು ಎಂಟು ನಿಮಿಷಕ್ಕೆ ಅಲಾರಂ ಇಡುತ್ತೇನೆ.

ಯಾವುದೇ ಕೊಂಡರೂ, ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ಅಂತ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲು ನೋಡಿಕೊಳ್ಳಿ.

ನೀವು ಬೆಂಗಳೂರಿನ ಫ್ಲಾಟ್‌ನಲ್ಲಿದ್ದು, ಕತ್ತರಿಸಲು ಅಂಟಿಸಲು ಜಾಗ ಇಲ್ಲ, ದೊಡ್ಡ ಬಯಲಿಗೆ ಹೋಗಿ ಬರಲು ಕಾರಿದೆ ಅಂದರೆ ಹಿಂದೆ ಮೋಟಾರ್ ಇರುವ ಫೋಮಿನದನ್ನೇ ತೆಗೆದುಕೊಳ್ಳಿ. ರೆಕ್ಕೆ ಜೋಡಿಸುವ ತುಂಡು ಒಂದು ಜಾಸ್ತಿ ತರಿಸಿಕೊಳ್ಳಿ, ಡಬ್ಬಿ ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ. ಮಕ್ಕಳಿಗೆ ಅಂದರೆ ಜೈರೋ ಇರುವ ಸಣ್ಣದು. ನನ್ನ ಹಾಗೆ ಸಣ್ಣ ಊರು, ಗಾಳಿ, ತಿಂಗಳಿಗೆ ಸಾವಿರದ ಬಜೆಟ್ ಅಂದರೆ ಸನ್‌ಪ್ಯಾಕ್.

ಈಗ ಎರಡನೇ ರೆಕ್ಕೆ ಕತ್ತರಿಸುತ್ತಿದ್ದೇನೆ, 140 ಸೆಂ.ಮೀ. ಉದ್ದದ್ದು. ದೇಹ ಅದೇ. ಇಳಿಯುವ ವೇಗ ಎಷ್ಟು ಕಡಿಮೆಯಾಗುತ್ತದೆ ಅಂತ ನೋಡಬೇಕು. ಅಂಟು ಹಾಕುವ ಅಂಚಿನ ಮೇಲೆ ನೀರಿನ ಹನಿ ಇನ್ನೂ ಉರುಳುತ್ತಿದೆ, ಇನ್ನೊಂದು ಸಲ ಜ್ವಾಲೆ ತೋರಿಸಬೇಕು.