ಬೆಂಗಳೂರಿಂದ ಪುತ್ತೂರಿಗೆ: ವಿಮಾನ, ಬಸ್ಸು, ರೈಲು ಮೂರರಲ್ಲೂ ಹೋಗಿ ನೋಡಿದೆ

ಬೆಂಗಳೂರಿಂದ ಮಂಗಳೂರಿಗೆ ಆಕಾಶದಲ್ಲಿ ಅಳೆದರೆ ಹೆಚ್ಚುಕಡಿಮೆ 300 ಕಿಲೋಮೀಟರ್. ಶಿರಾಡಿ ಘಾಟಿ ಇಳಿದು ಹೋಗುವ ರಸ್ತೆ 350ರ ಆಸುಪಾಸು. ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷ ಎಂದಿತ್ತು. ನಮ್ಮೂರು ಪುತ್ತೂರಿಗೆ ಹೋಗಲು ಇದಕ್ಕಿಂತ ಬೇಗದ ದಾರಿ ಇಲ್ಲ ಅಂದುಕೊಂಡೇ ಹತ್ತಿದೆ.

ಆದರೆ ನಾನಿರುವುದು ವಿಜಯನಗರದಲ್ಲಿ. ವಿಮಾನ ನಿಲ್ದಾಣ ದೇವನಹಳ್ಳಿ ಕಡೆ, ಊರಿನ ಆ ತುದಿಯಲ್ಲಿ. 8:10ರ ವಿಮಾನಕ್ಕೆ ಬೆಳಿಗ್ಗೆ 5ಕ್ಕೇ ಮನೆ ಬಿಟ್ಟೆ. ಗಾಳಿಯಲ್ಲಿ ಇದ್ದದ್ದು ಮುಕ್ಕಾಲು ಗಂಟೆ ಅಷ್ಟೇ. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಯಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ಬಿಜೈ ಬಸ್ ಸ್ಟ್ಯಾಂಡಿಗೆ ಬಂದು, ಪುತ್ತೂರು ಬಸ್ಸು ಹಿಡಿದೆ. ಅಂದರೆ ಬಂದ ದಿಕ್ಕಿಗೇ ಮತ್ತೆ 50 ಕಿಲೋಮೀಟರ್ ವಾಪಸ್! ಬಿ.ಸಿ. ರೋಡ್, ಕಲ್ಲಡ್ಕ, ಮಾಣಿ ದಾಟಿ ಮನೆ ಮುಟ್ಟಿದಾಗ 12:30. ಒಟ್ಟು ಏಳೂವರೆ ಗಂಟೆ.

ರಾತ್ರಿ ಬಸ್ಸಿಗೆ 9:15ಕ್ಕೆ ಮನೆಯಿಂದ ಹೊರಟರೆ ಸಾಕು. ಮೆಟ್ರೋದಲ್ಲಿ ಮೆಜೆಸ್ಟಿಕ್ ಹತ್ತಿರ. ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ ದಾಟಿ ಬೆಳಿಗ್ಗೆ 6ಕ್ಕೆ ಮನೆಯಲ್ಲಿ ಕಾಫಿ. ಗಡಿಯಾರದಲ್ಲಿ ಒಂದೂಕಾಲು ಗಂಟೆ ಜಾಸ್ತಿ. ಆದರೆ ಅದರಲ್ಲಿ ಐದು ಗಂಟೆ ನಿದ್ದೆ ಸಿಕ್ಕಿತು, ಹಗಲು ಪೂರ್ತಿ ಉಳಿಯಿತು. ಒಬ್ಬನೇ ಹೋಗುವಾಗ ನನಗೆ ಇದೇ ಸರಿ. ಮಳೆಗಾಲ ಮಾತ್ರ ಬೇರೆ ಲೆಕ್ಕ. ಒಂದು ಸಲ ದೋಣಿಗಾಲ್ ಹತ್ತಿರ ಗುಡ್ಡ ಜರಿದು ನಾಲ್ಕು ಗಂಟೆ ನಿಂತಲ್ಲೇ ನಿಂತಿದ್ದೆವು. ಜುಲೈನಲ್ಲಿ ಹೊರಡುವ ಮೊದಲು ಘಾಟಿ ತೆರೆದಿದೆಯಾ ಅಂತ ಕೇಳಿಕೊಳ್ಳಿ. ಮಳೆ, ಮೋಡ ದಟ್ಟವಾದರೆ ವಿಮಾನವೂ ಬಜಪೆಯಲ್ಲಿ ಇಳಿಯಲಾಗದೆ ವಾಪಸ್ ಹೋಗುವುದುಂಟು.

ಹಗಲು ರೈಲು ಮೂರರಲ್ಲಿ ನಿಧಾನ. ಯಶವಂತಪುರದಿಂದ ಬೆಳಿಗ್ಗೆ 7ಕ್ಕೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಇಳಿಯಲು ಎರಡೂವರೆ ಗಂಟೆ ಬೇಕಾಯಿತು. ಇಳಿಜಾರು ಅಷ್ಟು ಕಡಿದು. ದಾರಿಯಲ್ಲಿ 57 ಸುರಂಗ, ಸಾಲು ಸಾಲು ಸೇತುವೆ, ಕಾಡಿನ ನಡುವೆ ಎಡಕುಮೇರಿ ಸ್ಟೇಶನ್. 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ. ನಾವು ಸಾದಾ ಬೋಗಿಯಲ್ಲೇ ಹೋದೆವು. ಅಮ್ಮನಿಗೆ ಶಿರಾಡಿ ತಿರುವುಗಳಲ್ಲಿ ತಪ್ಪದೆ ವಾಂತಿ. ರೈಲಿನಲ್ಲಿ ಆ ತೊಂದರೆಯೇ ಇಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದರು, ಕಾಲು ನೋವು ಬಂದಾಗ ಎದ್ದು ಓಡಾಡಿದರು. ಕಬಕ ಪುತ್ತೂರು ಸ್ಟೇಶನ್‌ನಲ್ಲಿ ಇಳಿದು ಮನೆ ಮುಟ್ಟಲು ಒಟ್ಟು ಒಂಬತ್ತೂವರೆ ಗಂಟೆ ಹಿಡಿಯಿತು. ಅಮ್ಮನಿಗೆ ಸುಸ್ತೇ ಇರಲಿಲ್ಲ. ಅವರ ಜೊತೆ ಹೋಗುವುದಾದರೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ.

ಹಾಗಂತ ವಿಮಾನ ಸುಮ್ನೆ ದಂಡ ಅಂತಲ್ಲ. ಹೋಗಬೇಕಾದ್ದು ಮಂಗಳೂರಿಗೇ ಆದರೆ ಆ ವಾಪಸ್ ದಾರಿ ಇಲ್ಲ, ಐದು ಗಂಟೆಯೊಳಗೆ ತಲುಪಬಹುದು. ಅಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ಅದೇ 8:10ರ ವಿಮಾನದಲ್ಲಿ ಹೋದೆ. ಹತ್ತು ಗಂಟೆಗೆ ಅಪ್ಪನ ಮಂಚದ ಪಕ್ಕದಲ್ಲಿದ್ದೆ. ಹನ್ನೊಂದಕ್ಕೆ ಅವರನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದರು.