ಕಾಗದದ ಲಾಗ್‌ಬುಕ್ಕೋ, ಇಎಲ್‌ಡಿಯೋ: ಎರಡನ್ನೂ ಬಳಸಿದ ಟ್ರಕ್ ಡ್ರೈವರ್ ಹೇಳುವುದು

ಮೊದಲೇ ಹೇಳಿಬಿಡುತ್ತೇನೆ, ಇಎಲ್‌ಡಿಗೆ, ಅಂದರೆ ಟ್ರಕ್ ಓಡಿಸಿದ ಗಂಟೆಯನ್ನು ತಾನೇ ಬರೆದುಕೊಳ್ಳುವ ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್‌ಗೆ, ಐದಕ್ಕೆ ನಾಲ್ಕು ಸ್ಟಾರ್. ಅದರ ಹಿಂದಿರುವ ಕಾನೂನಿಗೂ ಸ್ಟಾರ್ ಕೊಡಿ ಅಂದರೆ ಎರಡಕ್ಕಿಂತ ಜಾಸ್ತಿ ಕೊಡಲಾರೆ.

ನಾನು ಕ್ಯಾಲಿಫೋರ್ನಿಯಾದಿಂದ ಪೂರ್ವದ ಕಡೆಗೆ ಹಣ್ಣು, ತರಕಾರಿ ಸಾಗಿಸುವ ರೀಫರ್ ಟ್ರಕ್, ಅಂದರೆ ಒಳಗೆ ತಂಪಾಗಿರುವ ಟ್ರಕ್, ಓಡಿಸುತ್ತೇನೆ. ಶುರುವಿನಲ್ಲಿ ಓಡಿಸಿದ, ಮಲಗಿದ ಗಂಟೆಗಳನ್ನು ಕೈಯಲ್ಲೇ ಬರೆಯುವ ಕಾಗದದ ಲಾಗ್ ಇತ್ತು. 2017ರ ಡಿಸೆಂಬರ್ 18ರಿಂದ ಇಎಲ್‌ಡಿ ಕಡ್ಡಾಯವಾಯಿತು. ಆಗ ಓಡಿಸುತ್ತಿದ್ದದ್ದು ಕಂಪನಿಯ ಟ್ರಕ್, ಈಗ ಸ್ವಂತದ್ದು. ಹಾಗಾಗಿ ಬೇರೆಯವರು ತಗುಲಿಸಿದ ಯಂತ್ರವನ್ನೂ ಬಳಸಿದ್ದೇನೆ, ಕೈಯಿಂದ ದುಡ್ಡು ಕೊಟ್ಟು ಆರಿಸಿದ್ದನ್ನೂ ಬಳಸುತ್ತಿದ್ದೇನೆ. ಈ ಕೆಲಸದಲ್ಲಿ ಇಲ್ಲಿ ಪಂಜಾಬಿನವರು ಜಾಸ್ತಿ, ನಮ್ಮವರು ಕಡಿಮೆ. ಆದರೂ ಹೊಸದಾಗಿ ಲೈಸೆನ್ಸ್ ಮಾಡಿಸಿದ ಹುಡುಗರು "ಯಾವುದು ತಗೊಳ್ಳಲಿ ಅಣ್ಣಾ" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ಗಂಟೆಯ ಲೆಕ್ಕ. ಸತತ 10 ಗಂಟೆ ವಿಶ್ರಾಂತಿ ಆದ ಮೇಲೆ 11 ಗಂಟೆ ಓಡಿಸಬಹುದು. ಆದರೆ ಕೆಲಸ ಶುರುವಾಗಿ 14 ಗಂಟೆ ಕಳೆದ ಮೇಲೆ ಓಡಿಸುವಂತಿಲ್ಲ. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಬೇಕು. ನಮ್ಮಂಥವರಿಗೆ 8 ದಿನಕ್ಕೆ 70 ಗಂಟೆ ಮಿತಿ. ಜೀವ ತಿನ್ನುವುದು ಆ 14. ಊಟಕ್ಕೆ ನಿಂತರೂ ಅದು ನಿಲ್ಲುವುದಿಲ್ಲ.

ಕಾಗದದ ಕಾಲದಲ್ಲಿ ದಿನಕ್ಕೊಂದು ಹಾಳೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ 24 ಮನೆ, ಒಂದೊಂದು ಮನೆಯಲ್ಲೂ ಕಾಲು ಗಂಟೆಯ ಗೀಟುಗಳು. ನಾಲ್ಕು ಸಾಲು: ಆಫ್ ಡ್ಯೂಟಿ, ಸ್ಲೀಪರ್ (ಕ್ಯಾಬಿನ್‌ನ ಮಲಗುವ ಜಾಗ), ಡ್ರೈವಿಂಗ್, ಕೊನೆಗೆ ಓಡಿಸದೆ ಮಾಡುವ ಉಳಿದ ಕೆಲಸ. ಸ್ಕೇಲ್ ಇಟ್ಟು ಅಡ್ಡಗೆರೆ ಎಳೆಯಬೇಕು, ಸಾಲು ಬದಲಾದಲ್ಲಿ ಉದ್ದಗೆರೆ ಇಳಿಸಿ ಕೆಳಗೆ ಊರಿನ ಹೆಸರು ಬರೆಯಬೇಕು. ಬಲಗಡೆ ಕೂಡಿಸಿದರೆ 24 ಬರಬೇಕು. ಗೋದಾಮಿನ ಸರಕು ಏರಿಳಿಸುವ ಕಟ್ಟೆಯಲ್ಲಿ, ಅಂದರೆ ಡಾಕ್‌ನಲ್ಲಿ, ಸರಕು ಇಳಿಸುತ್ತಾ ಕಳೆದ ಆರು ಗಂಟೆ ಹಾಳೆಯ ಮೇಲೆ ನಿದ್ದೆಯಾಗಿ ಬಿಡುತ್ತಿತ್ತು. ಎರಡೆರಡು ಪುಸ್ತಕ ಇಟ್ಟವರೂ ಇದ್ದರು. ತಪಾಸಣೆಯವರು ಡೀಸೆಲ್ ಬಿಲ್ಲು, ಟೋಲ್ ರಸೀದಿ, ತೂಕದ ಚೀಟಿ ಎಲ್ಲ ಹರಡಿಕೊಂಡು ತಾಳೆ ನೋಡುತ್ತಿದ್ದರು. ಒಂದು ಬಿಲ್ಲಿನ ಟೈಮ್ ಹೊಂದದಿದ್ದರೆ ಮುಗೀತು.

ಹಳಬರು ಆ ಕಾಲವನ್ನು ನೆನೆದು, ಆಗ ಡ್ರೈವರ್‌ಗೆ ಸ್ವಾತಂತ್ರ್ಯ ಇತ್ತು ಅನ್ನುತ್ತಾರೆ. ಇತ್ತಾ? ಪೆನ್ನು ನಮ್ಮ ಕೈಯಲ್ಲಿತ್ತು, ಅಷ್ಟೇ. ಏನು ಬರೆಯಬೇಕು ಎಂದು ಹೇಳುತ್ತಿದ್ದವನು ಕಂಪನಿಯಲ್ಲಿ ಕೂತು ಲೋಡ್ ಹಂಚುವ ಡಿಸ್ಪ್ಯಾಚರ್. "ಹೇಗಾದರೂ ಅಡ್ಜಸ್ಟ್ ಮಾಡ್ಕೋ, ಬೆಳಗ್ಗೆ ಐದಕ್ಕೆ ಲೋಡ್ ಅಲ್ಲಿರಬೇಕು" ಅನ್ನುವುದು ಅವನ ಕೆಲಸ. ಸಿಕ್ಕಿಬಿದ್ದರೆ ಸಹಿ ನನ್ನದು, ದಂಡ ನನ್ನದು. ಈಗ "ಗಂಟೆ ಮುಗಿದಿದೆ" ಎಂದರೆ ಮಾತು ಮುಗಿಯಿತು. ಅವನ ಸ್ಕ್ರೀನಿನಲ್ಲೂ ಅದೇ ಕಾಣುತ್ತದೆ. ನಾಲ್ಕರಲ್ಲಿ ಎರಡು ಸ್ಟಾರ್ ಇದೊಂದಕ್ಕೇ. ನಮ್ಮ ದೇಶದಲ್ಲೂ ಡ್ರೈವರ್‌ಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಎಂದು 1961ರಲ್ಲೇ ಕಾಯ್ದೆ ಮಾಡಿದ್ದರು. ಊರಲ್ಲಿ ಲಾರಿ ಓಡಿಸುವ ನಮ್ಮ ಭಾವನಿಗೆ ಹೇಳಿದರೆ ನಗುತ್ತಾರೆ. ಎಣಿಸುವವರು ಬೇಕಲ್ವಾ?

ಯಂತ್ರ ಅಂಗೈಯಗಲದ್ದು. ಡ್ಯಾಶ್‌ಬೋರ್ಡ್ ಕೆಳಗಿನ 9 ಪಿನ್ನಿನ ದುಂಡು ಪೋರ್ಟಿಗೆ ಸಿಕ್ಕಿಸಿದರೆ ಇಂಜಿನ್ನಿನಿಂದ ವೇಗ, ಮೈಲಿ ಓದಿಕೊಂಡು ಬ್ಲೂಟೂತ್‌ನಲ್ಲಿ ಟ್ಯಾಬ್ಲೆಟ್ಟಿಗೆ ಕೊಡುತ್ತದೆ. ವೇಗ ಗಂಟೆಗೆ 5 ಮೈಲಿ ದಾಟಿತೋ, ತಾನೇ ಡ್ರೈವಿಂಗ್ ಎಂದು ಬರೆದುಕೊಳ್ಳುತ್ತದೆ. ಹಾಗೆ ಬರೆದುಕೊಂಡ ಸಮಯವನ್ನು ನಾನೂ ಕಡಿಮೆ ಮಾಡುವಂತಿಲ್ಲ, ಕಂಪನಿಯೂ ಮಾಡುವಂತಿಲ್ಲ. ಉಳಿದದ್ದನ್ನು ಕಾರಣ ಬರೆದು ತಿದ್ದಬಹುದು. ಕಂಪನಿ ತಿದ್ದಿದರೆ ನಾನು ಒಪ್ಪಿಗೆ ಕೊಡಬೇಕು.

ಕಷ್ಟ ಬರುವುದು ಇಲ್ಲೇ. ರಾತ್ರಿ ಗೋದಾಮಿನ ಅಂಗಳದಲ್ಲಿ ಮಲಗಿರುತ್ತೀರಿ. ಐದಾರು ಗಂಟೆ ನಿದ್ದೆ ಆಗಿರುತ್ತದೆ. ಬಾಗಿಲು ಬಡಿದು "ಡಾಕ್ ಖಾಲಿಯಾಗಿದೆ, ಹಿಂದಕ್ಕೆ ಹಾಕು" ಅನ್ನುತ್ತಾರೆ. ನೂರಡಿ ಸರಿಸಿದರೆ 10 ಗಂಟೆಯ ವಿಶ್ರಾಂತಿ ಮುರಿದುಬಿತ್ತು. ಕಾಗದದಲ್ಲಿ ಈ ನೂರಡಿಯನ್ನು ಯಾರು ಬರೆಯುತ್ತಿದ್ದರು? ಅಂಗಳದೊಳಗೇ ಟ್ರಕ್ ಸರಿಸುವುದಕ್ಕೆ ಯಾರ್ಡ್ ಮೂವ್ ಎಂಬ ಬಟನ್ ಇದೆ, ಒತ್ತಿದರೆ ಡ್ರೈವಿಂಗ್ ಲೆಕ್ಕಕ್ಕೆ ಹೋಗುವುದಿಲ್ಲ. ಆದರೆ ಅದೂ ಕೆಲಸವೇ, ವಿಶ್ರಾಂತಿ ಉಳಿಯುವುದಿಲ್ಲ. ಅದಕ್ಕೇ ಈಗ ಡಾಕ್‌ಗೆ ಹಾಕುವವರೆಗೂ ನಾನು ಮಲಗುವುದಿಲ್ಲ.

ಡಾಕ್‌ನಲ್ಲಿ ಕಾಯುವ ಹೊತ್ತನ್ನು ಉಳಿಸಿಕೊಳ್ಳುವ ದಾರಿ 2020ರ ಸೆಪ್ಟೆಂಬರ್ 29ರಿಂದ ಸಿಕ್ಕಿದೆ. ಹೊಸಬರು ಇದನ್ನು ಚೆನ್ನಾಗಿ ಕಲಿತುಕೊಳ್ಳಿ. 10 ಗಂಟೆಯ ವಿಶ್ರಾಂತಿಯನ್ನು 7 ಮತ್ತು 3 ಎಂದು ಒಡೆಯಬಹುದು. 7 ಗಂಟೆ ಸ್ಲೀಪರ್‌ನಲ್ಲೇ ಇರಬೇಕು, 3 ಗಂಟೆ ಆಫ್ ಡ್ಯೂಟಿ ಆದರೂ ನಡೆಯುತ್ತದೆ. ಜೋಡಿ ಪೂರ್ತಿಯಾದರೆ ಎರಡೂ ತುಂಡು 14ರ ಲೆಕ್ಕದಿಂದ ಹೊರಗೆ. ಬೆಳಗ್ಗೆ 5ಕ್ಕೆ ಕೆಲಸ ಶುರು ಮಾಡಿದಿರಿ, 10ಕ್ಕೆ ಡಾಕ್ ತಲುಪಿ 1ರವರೆಗೆ ಸ್ಲೀಪರ್‌ನಲ್ಲಿ ಮಲಗಿದಿರಿ ಅನ್ನಿ. ಸಂಜೆ 7ಕ್ಕೆ ಮುಗಿಯಬೇಕಿದ್ದ ದಿನ ರಾತ್ರಿ 10ರವರೆಗೆ ಹೋಗುತ್ತದೆ. ಆ ರಾತ್ರಿ 7 ಗಂಟೆ ಸ್ಲೀಪರ್‌ನಲ್ಲಿ ಮಲಗಿ ಜೋಡಿ ಮುಗಿಸಬೇಕು, ಅಷ್ಟೇ. ಕಂಪನಿ ಕೊಟ್ಟಿದ್ದ ಹಳೆಯ ಯಂತ್ರಕ್ಕೆ ಈ ಲೆಕ್ಕವೇ ಬರುತ್ತಿರಲಿಲ್ಲ. ಸಂಜೆ ಏಳು ಗಂಟೆ ಆಗುತ್ತಿದ್ದಂತೆ ಕೆಂಪು ಬಣ್ಣ ತೋರಿಸಿ ಅರಚಿಕೊಳ್ಳುತ್ತಿತ್ತು. ಈಗಿನದು ಎಷ್ಟು ಗಂಟೆ ಉಳಿದಿದೆ ಎಂದು ತಾನೇ ಕೂಡಿಸಿ ತೋರಿಸುತ್ತದೆ. ಕೊಳ್ಳುವ ಮೊದಲು ಡೆಮೊದಲ್ಲಿ ಇದನ್ನೇ ಮಾಡಿ ತೋರಿಸಲು ಹೇಳಿ. ತಡವರಿಸಿದರೆ ಎದ್ದು ಬನ್ನಿ.

ಇನ್ನು ಕಾನೂನಿಗೆ ಸ್ಟಾರ್ ಯಾಕೆ ಕಡಿಮೆ ಅಂದರೆ, ಪಾರ್ಕಿಂಗ್. ಜೇಸನ್ ರಿವೆನ್‌ಬರ್ಗ್ ಎಂಬ ಡ್ರೈವರ್ ನಿಲ್ಲಿಸಲು ಜಾಗ ಸಿಗದೆ ಸೌತ್ ಕ್ಯಾರೊಲಿನಾದಲ್ಲಿ ಪಾಳುಬಿದ್ದ ಪೆಟ್ರೋಲ್ ಬಂಕೊಂದರಲ್ಲಿ ನಿಲ್ಲಿಸಿದ್ದರು. ಅಲ್ಲೇ ಅವರನ್ನು ಕೊಂದರು. ಅದು 2009. ಅವರ ಹೆಸರಿನಲ್ಲಿ ಬಂದ ಪಾರ್ಕಿಂಗ್ ಕಾನೂನು ಮತ್ತು ಇಎಲ್‌ಡಿ ಆದೇಶ ಎರಡೂ ಇರುವುದು 2012ರ ಒಂದೇ ಕಾಯ್ದೆಯಲ್ಲಿ! ಯಂತ್ರಕ್ಕೆ ಗಡುವು ಹಾಕಿದರು. ಪಾರ್ಕಿಂಗಿಗೆ ಸಮೀಕ್ಷೆ ಮಾಡಿಸಿದರು. ಇವತ್ತಿಗೂ ಸಂಜೆ ಏಳರ ಮೇಲೆ ದೊಡ್ಡ ಊರಿನ ಹತ್ತಿರ ಟ್ರಕ್ ಸ್ಟಾಪಿನಲ್ಲಿ ಜಾಗ ಹುಡುಕುವುದು ಸಾಕುಸಾಕಾಗುತ್ತದೆ. ಗಡಿಯಾರ ಇಳಿಯುತ್ತಿರುವಾಗ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಇದು ನನ್ನೊಬ್ಬನ ಅನುಭವ ಅಲ್ಲ. ಕಡ್ಡಾಯವಾದ ಮೇಲೆ ಗಂಟೆ ಮೀರುವುದು ಕಡಿಮೆಯಾದರೂ ಚಿಕ್ಕ ಕಂಪನಿಗಳ ಡ್ರೈವರ್‌ಗಳ ಮೇಲೆ ವೇಗದ ಕೇಸು ಹೆಚ್ಚಾಯಿತು, ಅಪಘಾತ ಇಳಿದದ್ದು ಕಾಣಲಿಲ್ಲ ಎಂದು ಇಲ್ಲಿನ ಸಂಶೋಧಕರೇ ತೋರಿಸಿದ್ದಾರೆ. ಸರಕು ಇಳಿಸುವಷ್ಟರಲ್ಲಿ ಗಂಟೆ ಮುಗಿದರೆ ಹತ್ತಿರದ ಸುರಕ್ಷಿತ ಜಾಗದವರೆಗೆ ಪರ್ಸನಲ್ ಕನ್ವೇಯನ್ಸ್ ಬಟನ್, ಅಂದರೆ ಸ್ವಂತಕ್ಕೆ ಓಡಿಸುತ್ತಿದ್ದೇನೆ ಎನ್ನುವುದನ್ನು, ಹಾಕಿಕೊಂಡು ಹೋಗಬಹುದು. ಆದರೆ ಕೆಲವು ಕಂಪನಿಗಳು ಆ ಬಟನ್ನೇ ಕೊಡುವುದಿಲ್ಲ.

ಯಂತ್ರ ಕಳೆದುಕೊಂಡ ಒಂದು ಸ್ಟಾರ್ ಸಣ್ಣಪುಟ್ಟ ಕಿರಿಕಿರಿಗೆ. ಬ್ಲೂಟೂತ್ ಆಗಾಗ ಕಳಚಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿದರೆ, ಮುಂದಿನ ಸಲ ಲಾಗಿನ್ ಆದಾಗ "ಈ ಮೈಲಿ ನಿಮ್ಮದಾ?" ಎಂದು ಕೇಳುತ್ತದೆ. ಸುಮ್ನೆ ಹೌದು ಅನ್ನಬೇಡಿ, ನಿಮ್ಮ ಗಂಟೆ ಹೋಗುತ್ತದೆ. ತಪಾಸಣೆ ಮಾತ್ರ ಸಲೀಸು. ಅಧಿಕಾರಿ ಕೊಟ್ಟ ಕೋಡ್ ಹಾಕಿ ಕಳಿಸಿದರೆ ಅವರ ಕಂಪ್ಯೂಟರಿಗೆ ಹೋಗುತ್ತದೆ, ಟ್ರಕ್ಕಿನಿಂದ ಇಳಿಯುವ ಕೆಲಸವೂ ಇರುವುದಿಲ್ಲ.

ಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. ಅಮೆರಿಕದಲ್ಲಿ 2025ರವರೆಗೂ ಯಂತ್ರ ನಿಯಮದ ಪ್ರಕಾರ ಇದೆ ಎಂದು ತಯಾರಿಸುವವರೇ ಹೇಳಿಕೊಂಡರೆ ಸಾಕಿತ್ತು, ಸರ್ಕಾರದ ಪಟ್ಟಿಗೆ ಸೇರುತ್ತಿತ್ತು. ಕೆನಡಾದಲ್ಲಿ ಹಾಗಲ್ಲ, ಬೇರೆಯವರು ಪರೀಕ್ಷೆ ಮಾಡಿಯೇ ಬಿಡಬೇಕು. ಹಾಗಾಗಿ ಇಲ್ಲಿ ಕಸವೂ ಸಿಗುತ್ತದೆ, ಹಿಂಬಾಗಿಲಿನಿಂದ ಗಂಟೆ ಅಳಿಸಿಕೊಡುತ್ತೇವೆ ಎಂದು ಫೋನ್ ಮಾಡುವವರೂ ಸಿಗುತ್ತಾರೆ. ಕಾಗದದ ಕಳ್ಳಲೆಕ್ಕಕ್ಕೇ ಈಗ ತಿಂಗಳ ಬಾಡಿಗೆ! ಅಂಥ ಎಷ್ಟೋ ಯಂತ್ರಗಳನ್ನು ಪಟ್ಟಿಯಿಂದ ತೆಗೆದುಹಾಕಿದ್ದಾರೆ. ತೆಗೆದರೆ ಬೇರೆ ಹಾಕಿಸಿಕೊಳ್ಳಲು ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ನಿಮ್ಮದು ಪಟ್ಟಿಯಲ್ಲಿ ಇದೆಯಾ ಎಂದು ಆಗಾಗ ನೋಡುತ್ತಿರಿ. ವರ್ಷಗಟ್ಟಲೆ ಕರಾರು ಮಾಡಿಕೊಳ್ಳಬೇಡಿ, ತಿಂಗಳ ಬಾಡಿಗೆಯದ್ದೇ ವಾಸಿ.

ಕಾಗದದ ಕಟ್ಟನ್ನು ಎಸೆಯಲೂ ಬೇಡಿ. ಯಂತ್ರ ಕೆಟ್ಟರೆ 24 ಗಂಟೆಯೊಳಗೆ ಕಂಪನಿಗೆ ತಿಳಿಸಿ, ಸರಿಯಾಗುವವರೆಗೆ ಹಾಳೆಯಲ್ಲೇ ಬರೆಯಬೇಕು. ಅದಕ್ಕಾಗಿ ಕನಿಷ್ಠ 8 ದಿನಕ್ಕಾಗುವಷ್ಟು ಖಾಲಿ ಹಾಳೆ ಕ್ಯಾಬಿನ್‌ನಲ್ಲಿ ಇರಲೇಬೇಕು ಎಂದು ನಿಯಮವೇ ಇದೆ. ಟ್ರಕ್ ಸ್ಟಾಪ್‌ಗಳಲ್ಲಿ ಸಿಗುತ್ತದೆ. ಹೊಸ ಹುಡುಗರು ಒಂದೆರಡು ಹಾಳೆ ಬರೆದು ಅಭ್ಯಾಸ ಮಾಡಿಕೊಂಡಿರಿ, ಗೆರೆ ಎಳೆಯುವುದನ್ನು ತಪಾಸಣೆಯ ಹೊತ್ತಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.