ಆಟದ ನಡುವೆ ಪಟ್ಟನೆ ಆಫ್ ಆಗುವ ಪಿಸಿಗೆ ಎಚ್‌ಡಬ್ಲ್ಯುಇನ್ಫೋ: ಲಾಗ್‌ನ ಕೊನೇ ಸಾಲನ್ನು ಓದುವುದು ಹೇಗೆ

ಆಟ ಶುರುವಾಗಿ ಹತ್ತು ನಿಮಿಷ. ಸ್ಕ್ರೀನ್ ಕಪ್ಪಾಗುತ್ತದೆ, ಫ್ಯಾನ್‌ಗಳು ನಿಲ್ಲುತ್ತವೆ, ಕ್ಯಾಬಿನೆಟ್‌ನ ದೀಪ ಆರುತ್ತದೆ. ನೀಲಿ ಪರದೆಯಿಲ್ಲ, ಎರರ್ ಸಂದೇಶವಿಲ್ಲ. ಇಂಥ ಪಿಸಿಯನ್ನು ರಿಪೇರಿಗೆ ಒಯ್ದರೆ ಮೊದಲು ವಿಂಡೋಸ್ ಫಾರ್ಮ್ಯಾಟ್, ಆಮೇಲೆ ರ್‍ಯಾಮ್ ಬದಲಾವಣೆ, ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ. ಹೀಗೆ ಊಹೆಯ ಮೇಲೆ ದುಡ್ಡು ಸುರಿಯುವ ಮುಂಚೆ ಒಂದು ಸಂಜೆಯನ್ನು, ಪಿಸಿಯೊಳಗಿನ ಬಿಸಿ, ವೋಲ್ಟೇಜ್, ಫ್ಯಾನ್ ವೇಗಗಳನ್ನು ಓದಿ ಬರೆದಿಡುವ ಎಚ್‌ಡಬ್ಲ್ಯುಇನ್ಫೋ 64 ಎಂಬ ಸಾಫ್ಟ್‌ವೇರ್‌ಗೆ ಕೊಡಿ. ಈ ವಿಮರ್ಶೆ ಅದರ ಬಗ್ಗೆ, ಅದರಲ್ಲೂ ಪಟ್ಟನೆ ಆಫ್ ಆಗುವ ಈ ಒಂದೇ ಕಾಯಿಲೆಗೆ ಅದು ಎಷ್ಟು ಉಪಯೋಗ ಎಂಬುದರ ಬಗ್ಗೆ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಕಳ್ಳ ಯಾರು ಎಂದು ಇದು ಬೆರಳು ಮಾಡಿ ತೋರಿಸುವುದಿಲ್ಲ. ಯಾರು ಕಳ್ಳರಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳುತ್ತದೆ. ಈ ಕಾಯಿಲೆಯಲ್ಲಿ ಅಷ್ಟು ಸಿಕ್ಕರೂ ಅರ್ಧ ಕೆಲಸ ಮುಗಿದ ಹಾಗೆ.

ಸ್ಲೊವಾಕಿಯಾದ ಮಾರ್ಟಿನ್ ಮಲಿಕ್ ರೂಪಿಸಿದ ಈ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಓಡುತ್ತದೆ, ಮನೆ ಬಳಕೆಗೆ ಉಚಿತ. ಇನ್‌ಸ್ಟಾಲ್ ಮಾಡಬೇಕಿಲ್ಲದ ಪೋರ್ಟಬಲ್ ಆವೃತ್ತಿಯೂ ಇದೆ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಲು ಅದೇ ಅನುಕೂಲ. ತೆರೆದಾಗ ಬರುವ ಚಿಕ್ಕ ಕಿಟಕಿಯಲ್ಲಿ 'ಸೆನ್ಸರ್ಸ್ ಓನ್ಲಿ' ಗುರುತು ಹಾಕಿ ಸ್ಟಾರ್ಟ್ ಒತ್ತಿದರೆ ನೂರಾರು ಸಾಲುಗಳ ಉದ್ದನೆಯ ಪಟ್ಟಿ ಎದುರಾಗುತ್ತದೆ. ಹೊಸಬರು ಇಲ್ಲಿಯೇ ಹೆದರಿ ಮುಚ್ಚಿಬಿಡುತ್ತಾರೆ. ಬೇಕಾದ ಸಾಲುಗಳು ಎಂಟೋ ಹತ್ತೋ ಅಷ್ಟೆ: ಸಿಪಿಯು ಟೆಂಪರೇಚರ್, ಸಿಪಿಯು ಪ್ಯಾಕೇಜ್ ಪವರ್, ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸಿಕೊಳ್ಳುವುದು), ಮದರ್‌ಬೋರ್ಡ್ ತೋರಿಸುವುದಾದರೆ ವಿಆರ್‌ಎಂ ಅಥವಾ ಮಾಸ್ (ಸಿಪಿಯುಗೆ ವೋಲ್ಟೇಜ್ ಹದಮಾಡಿ ಕೊಡುವ ಭಾಗ) ಟೆಂಪರೇಚರ್, ಜಿಪಿಯು (ಗ್ರಾಫಿಕ್ಸ್ ಚಿಪ್) ಟೆಂಪರೇಚರ್, ಹಾಟ್‌ಸ್ಪಾಟ್ (ಆ ಚಿಪ್‌ನ ಅತಿ ಬಿಸಿ ಜಾಗ), ಮೆಮೊರಿ ಜಂಕ್ಷನ್ (ಕಾರ್ಡ್‌ನ ಮೆಮೊರಿ ಚಿಪ್‌ನ ಬಿಸಿ), ಜಿಪಿಯು ಪವರ್, ಫ್ಯಾನ್ ಮತ್ತು ಪಂಪ್‌ನ ಆರ್‌ಪಿಎಂ, 12 ವೋಲ್ಟ್ ಸಾಲು.

ಕಿಟಕಿಯಲ್ಲಿ ಕಾಣುವ ಗರಿಷ್ಠ, ಕನಿಷ್ಠ ಅಂಕಣಗಳನ್ನು ನಂಬಿ ಕೂತರೆ ಪ್ರಯೋಜನವಿಲ್ಲ. ಪಿಸಿ ಆಫ್ ಆದ ಕೂಡಲೇ ಅವೂ ಅಳಿಸಿಹೋಗುತ್ತವೆ. ಇದರ ಬೆಲೆ ಇರುವುದು ಲಾಗಿಂಗ್‌ನಲ್ಲಿ, ಅಂದರೆ ಓದಿದ್ದನ್ನು ಸಾಲುಸಾಲಾಗಿ ಫೈಲಿಗೆ ಬರೆದಿಡುವುದರಲ್ಲಿ. ಸೆನ್ಸರ್ ಕಿಟಕಿಯ ಕೆಳಗಿನ ಬಲಭಾಗದಲ್ಲಿ ಹಸಿರು ಪ್ಲಸ್ ಇರುವ ಕಾಗದದ ಚಿತ್ರವಿದೆ. ಅದನ್ನು ಒತ್ತಿ ಸಿಎಸ್‌ವಿ ಫೈಲ್‌ಗೆ ಹೆಸರು ಕೊಟ್ಟರೆ ಬರೆಯಲು ಶುರುಮಾಡುತ್ತದೆ. ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ಪೋಲಿಂಗ್ ಅವಧಿಯನ್ನು (ಎಷ್ಟು ಹೊತ್ತಿಗೊಮ್ಮೆ ಓದಬೇಕು ಎಂಬುದನ್ನು) 2000 ಮಿಲಿಸೆಕೆಂಡ್‌ನಿಂದ 1000ಕ್ಕೆ ಇಳಿಸಿ. 500ಕ್ಕೂ ಇಳಿಸಬಹುದು, ಆದರೆ ಅದಕ್ಕಿಂತ ಕೆಳಗೆ ಹೋದರೆ ಓದುವ ಕೆಲಸವೇ ಸಿಪಿಯುಗೆ ಹೊರೆಯಾಗಿ ಆಟ ತಡವರಿಸಬಹುದು. ಆಮೇಲೆ ಎಂದಿನಂತೆ ಆಟವಾಡಿ, ಪಿಸಿ ಆಫ್ ಆಗಲು ಬಿಡಿ. ಮತ್ತೆ ಆನ್ ಮಾಡಿ ಫೈಲನ್ನು ಎಕ್ಸೆಲ್‌ನಲ್ಲೋ ಲಿಬ್ರೆ ಆಫೀಸ್‌ನಲ್ಲೋ ತೆರೆದು ತಳಕ್ಕೆ ಇಳಿಯಿರಿ. ಕರೆಂಟ್ ಹೋದ ಕ್ಷಣದ ಕೊನೆಯ ಒಂದೆರಡು ಸಾಲು ಡಿಸ್ಕ್‌ಗೆ ತಲುಪದೆ ಉಳಿದಿರಬಹುದು. ಆದ್ದರಿಂದ ಕೊನೆಯ ಐದು ನಿಮಿಷದ ಏರಿಳಿತವನ್ನು ಒಟ್ಟಿಗೆ ನೋಡಿ.

ಜೊತೆಗೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್‌ನಲ್ಲಿ ಕರ್ನಲ್-ಪವರ್ 41 ಹುಡುಕಿ. ಅದು ಇದೆ ಎಂದರೆ ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅರ್ಥ, ಅದು ಕಾರಣವಲ್ಲ. ಡೀಟೇಲ್ಸ್ ಪುಟದಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ನೀಲಿ ಪರದೆಯ ದಾಖಲೆಯೇ ಇಲ್ಲ, ಕರೆಂಟ್ ಕಡಿದಂತೆ ನಿಂತಿದೆ. 0 ಅಲ್ಲದಿದ್ದರೆ ಅದು ಡ್ರೈವರ್, ರ್‍ಯಾಮ್ ಕಡೆಯ ಬೇರೆ ಕಾಯಿಲೆ. ಪವರ್‌ಬಟನ್ ಟೈಮ್‌ಸ್ಟ್ಯಾಂಪ್‌ನಲ್ಲಿ 0 ಬಿಟ್ಟು ಬೇರೆ ಅಂಕಿ ಇದ್ದರೆ ಪವರ್ ಬಟನ್ ಒತ್ತಿ ಹಿಡಿದ ಗುರುತು. ಯಾರೂ ಮುಟ್ಟದೆ ಹಾಗೆ ಬಂದರೆ ಕ್ಯಾಬಿನೆಟ್‌ನ ಬಟನ್ನೇ ಅಂಟಿಕೊಳ್ಳುತ್ತಿರಬಹುದು. ಮದರ್‌ಬೋರ್ಡ್‌ನಿಂದ ಅದರ ಎರಡು ಪಿನ್‌ನ ವೈರ್ ಕಿತ್ತು ಒಂದು ದಿನ ಓಡಿಸಿದರೆ ಗೊತ್ತಾಗುತ್ತದೆ.

ಸ್ಕ್ರೀನ್ ಮಾತ್ರ ಕಪ್ಪಾಗಿ, ಫ್ಯಾನ್ ಜೋರಾಗಿ ತಿರುಗುತ್ತಾ, ಆಟದ ಸದ್ದು ಇನ್ನೂ ಕೇಳಿಸುತ್ತಿದ್ದರೆ ಪಿಸಿ ಆಫ್ ಆಗಿಯೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್ ಕೈಕೊಟ್ಟಿದೆ. ಈ ಎರಡನ್ನು ಒಂದೇ ಎಂದುಕೊಂಡು ಒಳ್ಳೆಯ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ) ಬದಲಿಸಿದವರು ಬಹಳ.

ಈಗ ಲಾಗ್ ಓದೋಣ. ಬಿಸಿಯ ಕಾರಣಕ್ಕೆ ನಿಂತ ಪಿಸಿಯ ಲಾಗ್ ತಾನೇ ಮಾತಾಡುತ್ತದೆ. ಸಿಪಿಯು ಟೆಂಪರೇಚರ್ ಏರುತ್ತಾ ತನ್ನ ಮಿತಿ ಮುಟ್ಟುತ್ತದೆ. ರೈಜೆನ್ 7000 ಸರಣಿಯ ಬಹುತೇಕ ಚಿಪ್‌ಗಳಿಗೆ ಅದು 95 ಡಿಗ್ರಿ, ಇಂಟೆಲ್‌ನ 13ನೇ ತಲೆಮಾರಿನ ಕೋರ್ ಐ7 13700ಕೆಗೆ 100. ಥ್ರಾಟ್ಲಿಂಗ್ ಸಾಲು 'ಯೆಸ್' ಆಗುತ್ತದೆ, ಗಿಗಾಹರ್ಟ್ಸ್ ಕುಸಿಯುತ್ತದೆ, ಅಲ್ಲಿಗೆ ಲಾಗ್ ಮುಗಿಯುತ್ತದೆ. ಈಗಿನ ಸಿಪಿಯುಗಳು ಬಿಸಿಯಾದರೆ ಮೊದಲು ವೇಗ ಇಳಿಸಿಕೊಳ್ಳುತ್ತವೆ, ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ನಿಂತೇಬಿಟ್ಟಿತು ಎಂದರೆ ಕೂಲಿಂಗ್ ಪೂರ್ತಿ ಸೋತಿದೆ. ಎಷ್ಟು ಬೇಗ ಏರಿತು ಎಂಬುದು ಇಲ್ಲಿ ಮುಖ್ಯ. ಲೋಡ್ ಬಿದ್ದ ಕೆಲವೇ ಸೆಕೆಂಡ್‌ನಲ್ಲಿ 45ರಿಂದ ಮಿತಿಗೆ ಹಾರಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಲಿಕ್ವಿಡ್ ಕೂಲರ್‌ನ ಪಂಪ್ ನಿಂತಿದೆ. ಪಂಪ್‌ನ ಆರ್‌ಪಿಎಂ ಸಾಲು 0 ಇದೆಯೇ ನೋಡಿ. ಇಪ್ಪತ್ತು ನಿಮಿಷ ತೆಗೆದುಕೊಂಡು ನಿಧಾನಕ್ಕೆ ಏರಿದರೆ ದೂಳು, ಒಣಗಿದ ಥರ್ಮಲ್ ಪೇಸ್ಟ್, ಗಾಳಿಯಾಡದ ಕ್ಯಾಬಿನೆಟ್. ಕೋಣೆಯ ಬಿಸಿ 10 ಡಿಗ್ರಿ ಏರಿದರೆ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಡಿಸೆಂಬರ್‌ನಲ್ಲಿ ಚೆನ್ನಾಗಿದ್ದ ಪಿಸಿ ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ನಿಲ್ಲುವುದು ಇದೇ ಲೆಕ್ಕದಿಂದ.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸಾಮಾನ್ಯ ಟೆಂಪರೇಚರ್‌ಗೂ ಹಾಟ್‌ಸ್ಪಾಟ್‌ಗೂ 10ರಿಂದ 20 ಡಿಗ್ರಿ ವ್ಯತ್ಯಾಸ ಸಹಜ. 30 ದಾಟಿದರೆ ಪೇಸ್ಟ್ ಹಾಳಾಗಿದೆ ಎಂದೇ ತಿಳಿಯಬಹುದು. ಆರ್‌ಟಿಎಕ್ಸ್ 3080, 3090ರಂಥ ಜಿಡಿಡಿಆರ್6ಎಕ್ಸ್ ಕಾರ್ಡ್‌ಗಳಲ್ಲಿ ಮೆಮೊರಿ ಜಂಕ್ಷನ್ 110 ಮುಟ್ಟುತ್ತಿದ್ದರೆ ಥರ್ಮಲ್ ಪ್ಯಾಡ್ ಬದಲಿಸುವ ಹೊತ್ತು. ಆರ್‌ಟಿಎಕ್ಸ್ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಸಾಲು ಕಾಣದಿದ್ದರೆ ಗಾಬರಿ ಬೇಡ. ಎನ್‌ವಿಡಿಯಾವೇ ಆ ಓದನ್ನು ಹೊರಗೆ ಕೊಡುತ್ತಿಲ್ಲ.

ನಿಜವಾಗಿ ತಲೆ ಕೆಡಿಸುವುದು ಇನ್ನೊಂದು ಬಗೆಯ ಲಾಗ್. ಸಿಪಿಯು 68, ಜಿಪಿಯು 72, ಹಾಟ್‌ಸ್ಪಾಟ್ 84, ಫ್ಯಾನ್‌ಗಳು ಓಡುತ್ತಿವೆ, 12 ವೋಲ್ಟ್ ಸಾಲಿನಲ್ಲಿ 12.1. ಮುಂದಿನ ಸಾಲೇ ಇಲ್ಲ. ಏನೂ ಸಿಗಲಿಲ್ಲವಲ್ಲ ಎಂದು ಕೈಚೆಲ್ಲಬೇಡಿ, ಸಿಕ್ಕಿದೆ. ಸಿಪಿಯು, ಜಿಪಿಯು ಬಿಸಿಯಲ್ಲ ಎಂಬುದು ಸಾಬೀತಾಯಿತು, ಇನ್ನು ಬೆರಳು ತಿರುಗುವುದು ಎಸ್‌ಎಂಪಿಎಸ್ ಕಡೆಗೆ, ಅದಕ್ಕೆ ಬರುವ ಕರೆಂಟ್ ಕಡೆಗೆ.

12.1 ಎಂಬ ಅಂಕಿ ಎಸ್‌ಎಂಪಿಎಸ್‌ಗೆ ಕ್ಲೀನ್ ಚಿಟ್ ಅಲ್ಲ. ಗ್ರಾಫಿಕ್ಸ್ ಕಾರ್ಡ್ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಜಿಗಿಯುವಾಗ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ತನ್ನ ರೇಟಿಂಗ್ ಮೀರಿ ಕರೆಂಟ್ ಎಳೆಯುತ್ತದೆ. 320 ವ್ಯಾಟ್‌ನ 3080 ಇಂಥ ಹೊತ್ತಿನಲ್ಲಿ 400 ದಾಟುತ್ತದೆ. 2022ರಲ್ಲಿ ಎಸ್‌ಎಂಪಿಎಸ್‌ಗಳಿಗೆ ಬಂದ ಎಟಿಎಕ್ಸ್ 3.0 ಗುಣಮಟ್ಟ ಇದಕ್ಕೆಂದೇ 100 ಮೈಕ್ರೋಸೆಕೆಂಡ್ ಕಾಲ ರೇಟಿಂಗ್‌ನ ಎರಡು ಪಟ್ಟು ತಡೆದುಕೊಳ್ಳಬೇಕೆಂಬ ನಿಯಮ ತಂದಿತು. ಎಚ್‌ಡಬ್ಲ್ಯುಇನ್ಫೋ ಒಂದು ಸೆಕೆಂಡಿಗೊಮ್ಮೆ ಕಣ್ಣು ತೆರೆದರೆ ಆ ನಡುವೆ ಅಂಥ 10,000 ಗಳಿಗೆಗಳು ಕಳೆದಿರುತ್ತವೆ. ಒಂದು ಗಳಿಗೆಯಲ್ಲಿ ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಟ್ರಿಪ್ ಆದರೆ ಯಾವ ಸಾಫ್ಟ್‌ವೇರ್ ಕಣ್ಣಿಗೂ ಬೀಳುವುದಿಲ್ಲ.

ಆದರೆ ಬೇರೆ ಗುರುತುಗಳಿವೆ. ಆಫ್ ಆದ ಮೇಲೆ ಪವರ್ ಬಟನ್ ಒತ್ತಿದರೂ ಅಲ್ಲಾಡದೆ, ಹಿಂದಿನ ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಾಕಿದಾಗ ಮಾತ್ರ ಏಳುತ್ತದೆಯೇ? ಎಸ್‌ಎಂಪಿಎಸ್ ತಾನಾಗಿಯೇ ಬಾಗಿಲು ಹಾಕಿಕೊಂಡಿತ್ತು ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಗ್ರಾಫಿಕ್ಸ್ ಕಾರ್ಡ್‌ಗೆ ಪೂರ್ತಿ ಲೋಡ್ ಹಾಕುವ ಫರ್‌ಮಾರ್ಕ್ ಪರೀಕ್ಷೆಯಲ್ಲಿ ಅರ್ಧ ಗಂಟೆ ತಾಳಿಕೊಂಡ ಪಿಸಿ ಆಟದಲ್ಲಿ ಹತ್ತೇ ನಿಮಿಷಕ್ಕೆ ಬಿದ್ದರೆ ಅದೂ ಇತ್ತಲೇ ತೋರಿಸುತ್ತದೆ. ಫರ್‌ಮಾರ್ಕ್‌ನ ಲೋಡ್ ಸಮತಟ್ಟು, ಆಟದ್ದು ಏರುಪೇರು. ಫ್ರೇಮ್ ಮಿತಿಯಿಲ್ಲದ ಮೆನು ಪರದೆಯಲ್ಲೇ ಕೆಲವು ಪಿಸಿ ಬೀಳುವುದಕ್ಕೆ ಕಾರಣವೂ ಇದೇ.

ಪರೀಕ್ಷೆಗೆ ಖರ್ಚಿಲ್ಲ. ಗ್ರಾಫಿಕ್ಸ್ ಕಾರ್ಡ್ ನಿಯಂತ್ರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿ, ಆಟದಲ್ಲಿ 60 ಫ್ರೇಮ್‌ಗೆ ಮಿತಿ ಹಾಕಿ. 3080ಗೆ ಇದು 224 ವ್ಯಾಟ್ ಆಯಿತು. ಈಗ ಮೂರು ಸಂಜೆ ಆಡಿದರೂ ಪಿಸಿ ಆಫ್ ಆಗದಿದ್ದರೆ ರೋಗ ಪವರ್‌ನದ್ದೇ. ಆಗಲೂ ನೇರ ಹೊಸ ಎಸ್‌ಎಂಪಿಎಸ್‌ಗೆ ಓಡಬೇಡಿ, ಕೇಬಲ್ ನೋಡಿ. ಒಂದು ಎಂಟು ಪಿನ್ ಕನೆಕ್ಟರ್‌ನ ರೇಟಿಂಗ್ 150 ವ್ಯಾಟ್, ಮದರ್‌ಬೋರ್ಡ್ ಸ್ಲಾಟ್‌ನಿಂದ ಬರುವುದು 75. ಕಾರ್ಡ್‌ಗೆ ಎರಡು ಎಂಟು ಪಿನ್ ಬೇಕಿದ್ದರೆ ಒಂದೇ ಕೇಬಲ್‌ನ ಕವಲೊಡೆದ ಎರಡು ತುದಿ ಹಾಕದೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯಿರಿ. ಇದೊಂದರಿಂದಲೇ ಸರಿಹೋಗುವ ಪಿಸಿಗಳಿವೆ. ಒಂದು ಎಚ್ಚರಿಕೆ: ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ಗೆ ಬೇರೆ ಕಂಪನಿಯ, ಅಷ್ಟೇಕೆ ಬೇರೆ ಮಾಡೆಲ್‌ನ ಕೇಬಲ್ ಕೂಡ ಹಾಕಬಾರದು. ಪ್ಲಗ್ ಒಂದೇ ಥರ ಕಂಡರೂ ಒಳಗಿನ ಪಿನ್ ಕ್ರಮ ಬೇರೆ ಇರಬಹುದು, ಎಸ್‌ಎಸ್‌ಡಿ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರ್‌ನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಬದಲಿಸುವುದೇ ಆದರೆ ಎನ್‌ವಿಡಿಯಾ ಹೇಳುವ ಕನಿಷ್ಠ ಅಳತೆ 3060ಗೆ 550 ವ್ಯಾಟ್, 4070ಗೆ 650, 3080ಗೆ 750. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿ ಬಿಟ್ಟು ಪಕ್ಕದ ಸ್ಟಿಕ್ಕರ್ ಓದಿ. ನಿಜವಾದ 650 ವ್ಯಾಟ್‌ನಲ್ಲಿ 12 ವೋಲ್ಟ್ ಸಾಲಿಗೆ 54 ಆಂಪ್ ಆಸುಪಾಸು ಇರುತ್ತದೆ. ಗುಣಿಸಿದರೆ 648. '500 ವ್ಯಾಟ್' ಎಂದು ಬರೆದು 12 ವೋಲ್ಟ್‌ಗೆ 25 ಆಂಪ್ ಕೊಟ್ಟಿದ್ದರೆ ಕಾರ್ಡ್, ಸಿಪಿಯುಗೆ ಸಿಗುವುದು 300 ವ್ಯಾಟ್ ಮಾತ್ರ. 80 ಪ್ಲಸ್ ಗುರುತು ಎಷ್ಟು ಕರೆಂಟ್ ಪೋಲಾಗುತ್ತದೆ ಎಂಬುದರ ಲೆಕ್ಕ, ಈ ಝಟಕಾ ತಡೆಯುವ ಶಕ್ತಿಯ ಲೆಕ್ಕವಲ್ಲ.

ನಮ್ಮ ಮನೆಗಳಲ್ಲಿ ಮರೆಯಬಾರದ ಇನ್ನೊಂದು ಆರೋಪಿ ಯುಪಿಎಸ್ ಮತ್ತು ಇನ್ವರ್ಟರ್. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. 320 ವ್ಯಾಟ್ ಕಾರ್ಡ್, 125 ವ್ಯಾಟ್ ಸಿಪಿಯು, ಉಳಿದದ್ದಕ್ಕೆ 50 ಎಂದರೂ 500ರ ಹತ್ತಿರ ಬಂತು. ಕರೆಂಟ್ ಹೋದ ಕ್ಷಣ ಆ ಯುಪಿಎಸ್ ಓವರ್‌ಲೋಡ್ ಆಗಿ ಕೈಬಿಡುತ್ತದೆ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಎಳೆಯುವ ಕರೆಂಟನ್ನು ಹದಮಾಡುವ ಸರ್ಕ್ಯೂಟ್) ಇರುವ ಈಗಿನ ಎಸ್‌ಎಂಪಿಎಸ್‌ಗಳು ಅದಕ್ಕೆ ಹೊಂದದೆ ನಿಲ್ಲುವುದುಂಟು. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಪಿಸಿ ಬೀಳುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿ. ಲಾಗ್‌ನ ಕೊನೇ ಸಾಲಿನ ಸಮಯವನ್ನು ಮನೆಯಲ್ಲಿ ಲೈಟ್ ಮಿಣುಕಿದ ಸಮಯದ ಜೊತೆ ಹೋಲಿಸಿದರೆ ಇದು ಬೇಗ ಬಯಲಾಗುತ್ತದೆ. ಸ್ಪೈಕ್ ಬಸ್ಟರ್, ಯುಪಿಎಸ್ ಎರಡನ್ನೂ ಬಿಟ್ಟು ಗೋಡೆಯ ಸಾಕೆಟ್‌ಗೇ ನೇರವಾಗಿ ಹಾಕಿ ಒಂದು ದಿನ ಆಡಿ ನೋಡಿ.

ಕೊರತೆಗಳನ್ನೂ ಹೇಳಬೇಕು. ಮದರ್‌ಬೋರ್ಡ್‌ನಿಂದ ಓದುವ 12 ವೋಲ್ಟ್ ಅಂಕಿ ಅಷ್ಟು ನಂಬಲರ್ಹವಲ್ಲ. 11.4ಕ್ಕಿಂತ ಕೆಳಗೆ ತೋರಿಸಿದರೆ ಲೋಡ್ ಇರುವಾಗ ಮಲ್ಟಿಮೀಟರ್‌ನಲ್ಲಿ ಅಳೆದು ಖಚಿತಪಡಿಸಿಕೊಳ್ಳಿ. ಆರ್‌ಜಿಬಿ ಮತ್ತು ಫ್ಯಾನ್ ನಿಯಂತ್ರಿಸುವ ಬೇರೆ ಸಾಫ್ಟ್‌ವೇರ್ ಜೊತೆಗೆ ಓಡುತ್ತಿದ್ದರೆ ಒಂದೇ ಸೆನ್ಸರ್‌ಗೆ ಇಬ್ಬರು ಕೈಹಾಕಿ ಒಂದು ಸಾಲಿನಲ್ಲಿ ಮಾತ್ರ 255 ಡಿಗ್ರಿಯಂಥ ಅಸಂಬದ್ಧ ಅಂಕಿ ಬರಬಹುದು. ಪರೀಕ್ಷೆಯ ದಿನ ಅವನ್ನೆಲ್ಲ ಮುಚ್ಚಿ. ಸಾಲುಗಳ ಹೆಸರು ಬೋರ್ಡ್‌ನಿಂದ ಬೋರ್ಡ್‌ಗೆ ಬದಲಾಗುವುದು ಇನ್ನೊಂದು ಕಿರಿಕಿರಿ. ಕೆಳಗೆ ಇರುವ ಡಬ್ಲ್ಯುಎಚ್‌ಇಎ (ವಿಂಡೋಸ್ ಗುರುತಿಸಿದ ಹಾರ್ಡ್‌ವೇರ್ ದೋಷಗಳ) ಎಣಿಕೆ ಒಳ್ಳೆಯ ಸೌಲಭ್ಯ, ಆದರೆ ರೀಸ್ಟಾರ್ಟ್ ಆದರೆ ಸೊನ್ನೆಗೆ ಮರಳುತ್ತದೆ. ಆದ್ದರಿಂದ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಲಾಗರ್ 18 ಇದೆಯೇ ನೋಡಿ. ಪಿಸಿ ಆಫ್ ಆಗದೆ ರೀಸ್ಟಾರ್ಟ್ ಆಗುತ್ತಿದ್ದು ಇದೂ ಇದ್ದರೆ ಮೆಮೊರಿಯ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ, ಸಿಪಿಯುವಿನ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಜರ್, ಓವರ್‌ಕ್ಲಾಕ್ ಎಲ್ಲವನ್ನೂ ಬಯೋಸ್‌ನಲ್ಲಿ ಆಫ್ ಮಾಡಿ ಮತ್ತೆ ಪರೀಕ್ಷಿಸಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಹಾಟ್‌ಸ್ಪಾಟ್ ಇಲ್ಲ, ಫೈಲಿಗೆ ಬರೆಯುವ ಸೌಲಭ್ಯವೂ ಇಲ್ಲ. ಆಫ್ಟರ್‌ಬರ್ನರ್ ಲಾಗ್ ಬರೆಯುತ್ತದೆ, ಆದರೆ ಪಂಪ್, ವಿಆರ್‌ಎಂ ಅದರ ಕೈಗೆ ಎಟುಕುವುದಿಲ್ಲ. ಎಲ್ಲವನ್ನೂ ಒಂದೇ ಫೈಲಿನಲ್ಲಿ, ಉಚಿತವಾಗಿ ಕೊಡುವುದರಿಂದ ಈ ಕೆಲಸಕ್ಕೆ ಎಚ್‌ಡಬ್ಲ್ಯುಇನ್ಫೋ ಬಿಟ್ಟು ಬೇರೆಯದನ್ನು ಸೂಚಿಸಲು ಮನಸ್ಸಾಗದು. ವಾರಂಟಿ ಇರುವ ಎಸ್‌ಎಂಪಿಎಸ್ ಅಥವಾ ಕಾರ್ಡ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋಗುವಾಗ ಆ ಸಿಎಸ್‌ವಿ ಫೈಲನ್ನೂ, ಈವೆಂಟ್ 41ರ ಚಿತ್ರವನ್ನೂ ಫೋನಿನಲ್ಲಿ ಇಟ್ಟುಕೊಂಡು ಹೋಗಿ. 'ನಮ್ಮ ಟೇಬಲ್ ಮೇಲೆ ಚೆನ್ನಾಗಿ ಓಡ್ತಿದೆ ಸರ್' ಎಂದು ಹಿಂದಿರುಗಿಸಲು ಬಂದಾಗ ತೋರಿಸಲು ಅವು ಬೇಕಾಗುತ್ತವೆ.